ನಡುವೆ ನಿಲ್ಲದ ನಾಟಕ

ಸತ್ತ ರಾಜ ಎದ್ದು ಕೂತು ಕೈಮುಗಿದ ದಿನವೇ ಮಲ್ಕಪ್ಪ ಮಾಸ್ತರರ ನೌಕರಿಗೆ ಕುತ್ತು ಬಂತು. ಇದು ನಡೆದದ್ದು ಕಲಬುರಗಿಯಲ್ಲಿ, ಗುಂಡಣ್ಣನವರ ನಾಟಕ ಕಂಪನಿಯ ತಗಡಿನ ಥೇಟರಿನಲ್ಲಿ, ನಿಜಾಮರ ಆಳಿಕೆಯ ಕೊನೆಯ ಬೇಸಿಗೆಯಲ್ಲಿ. ರಾಜ ಬಾಣ ತಿಂದು ರಾಣಿಯ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಜರಿಯ ಶಲ್ಯ ಹಿಡಿದು ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದರು. ಪೇಟಿ ನಿಂತಿತು, ತಬಲಾ ನಿಂತಿತು. ಗುಂಡಣ್ಣನವರು ಪರದೆಯ ಸಂದಿಯಿಂದ ಹೊರಗೆ ಬಂದು ಸಾಹುಕಾರರ ಹೆಸರು, ಅವರಪ್ಪನ ಹೆಸರು, ಅವರ ಅಂಗಡಿ ಇರುವ ಓಣಿಯ ಹೆಸರು ಎಲ್ಲವನ್ನೂ ಕೂಗಿ ಹೇಳಿದರು. ಸತ್ತ ರಾಜ ಎದ್ದು ಕೂತ, ಶಲ್ಯ ಹೊದಿಸಿಕೊಂಡ, ಎರಡೂ ಕೈ ಮುಗಿದ. ಸಾಹುಕಾರರು ಕೆಳಗಿಳಿಯುವತನಕ ಕಾದು, ಮತ್ತೆ ರಾಣಿಯ ತೊಡೆ ಹುಡುಕಿ ತಲೆಯಿಟ್ಟು ಸತ್ತ.

ಇದಕ್ಕೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ. ಪಾತ್ರಧಾರಿ ಮನಸ್ಸಿಗೆ ಹಿಡಿಸಿದರೆ ನೋಡುವವರು ಆಗಿಂದಾಗಲೇ ರಂಗ ಹತ್ತಿ ಬಟ್ಟೆಯನ್ನೋ ಬೆಳ್ಳಿಯನ್ನೋ ಕೊಡಬೇಕು, ಹೆಸರು ಕೂಗಿಸಿಕೊಳ್ಳಬೇಕು. ನಾಟಕ ಅಷ್ಟು ಹೊತ್ತು ನಿಂತಿರಬೇಕು. ಕೊಡುವವರಿಗೂ ಹಿಗ್ಗು, ಪಡೆಯುವವರಿಗೂ ಹಿಗ್ಗು, ಕಂಪನಿಯ ಮಾಲಕರಿಗಂತೂ ಹೇಳತೀರದ ಹಿಗ್ಗು. ಇಡೀ ಥೇಟರಿನಲ್ಲಿ ಹಿಗ್ಗು ಇಲ್ಲದವರು ಒಬ್ಬರೇ. ಆ ಸಾವಿನ ದೃಶ್ಯವನ್ನು ಎರಡು ತಿಂಗಳು ತಿದ್ದಿ ತೀಡಿ ಕಲಿಸಿದ್ದ ಮಲ್ಕಪ್ಪ ಮಾಸ್ತರರು ಪರದೆಯ ಹಿಂದೆ ನಿಂತು ಕಣ್ಣೀರು ಒರೆಸಿಕೊಂಡರು. ರಾಜ ಸತ್ತದ್ದಕ್ಕೆ ಅತ್ತರೆಂದು ಗುಂಡಣ್ಣನವರು ತಿಳಿದರು.

ಮಾಸ್ತರರು ಕಲಬುರಗಿಯ ಬ್ರಹ್ಮಪುರದಲ್ಲಿ ಪತ್ರಾವಳಿ ಹಚ್ಚಿ ಮಾರುವವರ ಮಗ. ಹದಿನಾಲ್ಕನೆಯ ವಯಸ್ಸಿಗೆ ಯಾವುದೋ ಕಂಪನಿಯ ಅಡಿಗೆಮನೆಗೆ ಪತ್ರಾವಳಿ ಕೊಡಲು ಹೋದವರು ತಿರುಗಿ ಮನೆಗೆ ಬಂದದ್ದು ಮೂರು ವರ್ಷದ ಮೇಲೆ. ಮೊದಲು ಸಖಿಯ ಪಾರ್ಟು ಸಿಕ್ಕಿತು. ದನಿ ಒಡೆದು ಗಡಸಾದ ಮೇಲೆ ಯಾರಿಗೂ ಬೇಡದವರಾಗಿ, ಪರದೆಯ ಹಿಂದೆ ಕೂತು ನಟರಿಗೆ ಮಾತು ಎತ್ತಿಕೊಡುವ ಕೆಲಸಕ್ಕೆ ಬಿದ್ದರು. ಹನ್ನೆರಡು ವರ್ಷ ಅದನ್ನೇ ಮಾಡಿದರು. ಅಲ್ಲಿ ಕೂತಾಗಲೇ ಅವರಿಗೆ ನಾಟಕದ ಕಾಯಿಲೆ ಎಲ್ಲಿದೆ ಎನ್ನುವುದು ಗೊತ್ತಾಯಿತು. ನಟನ ಒಂದು ಕಿವಿ ಪರದೆಯ ಹಿಂದೆ, ಒಂದು ಕಣ್ಣು ಮುಂದಿನ ಕುರ್ಚಿಯ ಸಾಹುಕಾರರ ಮೇಲೆ. ಎದುರಿಗೆ ನಿಂತು ಅಳುತ್ತಿರುವ ನಾಟಕದ ಹೆಂಡತಿಗೆ ಏನೂ ಉಳಿದಿಲ್ಲ. ತಾವೇ ಮಾಸ್ತರರಾದಾಗ ಮಾತು ಎತ್ತಿಕೊಡುವುದನ್ನು ಬಂದ್ ಮಾಡಿದರು. ಎಲ್ಲರೂ ಬಾಯಿಪಾಠ ಮಾಡಲೇಬೇಕು. ಶಾಲೆಯಲ್ಲಿ ಉರ್ದು ಮಾತ್ರ ಕಲಿತವರಿಗೆ ಕನ್ನಡದ ಮಾತನ್ನೇ ಉರ್ದು ಅಕ್ಷರದಲ್ಲಿ ಬರೆದುಕೊಟ್ಟು ಕಲಿಸಿದರು.

ಇಷ್ಟೆಲ್ಲ ಮಾಡಿಯೂ ನಾಟಕ ನಿಲ್ಲುವುದು ಮಾತ್ರ ತಪ್ಪಲಿಲ್ಲ. ಆಯೇರಿಗೆ ನಿಲ್ಲುತ್ತಿತ್ತು. ಅಧಿಕಾರಿಗಳು ಬಂದರೆ ನಿಲ್ಲುತ್ತಿತ್ತು. ಒಮ್ಮೆ ಪರವಾನಗಿ ಕೊಟ್ಟ ಪೊಲೀಸ್ ಅಮೀನ ಸಾಹೇಬರೊಬ್ಬರು ತಾವು ಜಲ್ದಿ ಹೋಗಬೇಕೆಂದೂ ಸಾವಿನ ಸೀನು ಮೊದಲು ಆಗಲೆಂದೂ ಹೇಳಿಕಳಿಸಿದರು. ಗುಂಡಣ್ಣನವರು ಎರಡನೆಯ ಅಂಕದಲ್ಲೇ ರಾಜನನ್ನು ಸಾಯಿಸಿ, ಸಾಹೇಬರ ಟಾಂಗಾ ಹೊರಟ ಮೇಲೆ ಬದುಕಿಸಿ ಮುಂದಿನ ಯುದ್ಧಕ್ಕೆ ಕಳಿಸಿದರು. ಜನ ಅದಕ್ಕೂ ಚಪ್ಪಾಳೆ ಹೊಡೆದರು. ಮಾಸ್ತರರ ಮನಸ್ಸಿನಲ್ಲಿ ಒಂದೇ ಆಸೆ ಗಟ್ಟಿಯಾಗಿ ಕೂತದ್ದು ಆಗ. ಸಾಯುವುದರೊಳಗೆ ಒಂದು ನಾಟಕ, ಒಂದೇ ಒಂದು, ಮೊದಲಿನಿಂದ ಕೊನೆಯತನಕ ಎಲ್ಲೂ ನಿಲ್ಲದೆ ನಡೆಯಬೇಕು.

ಶಲ್ಯದ ಸಾಹುಕಾರರು ಮರುದಿನವೂ ಬಂದರು, ಈ ಸಲ ರಾಣಿಗೆ ಸೀರೆ ತಂದಿದ್ದರು. ಅವರು ಮೂರನೆಯ ಮೆಟ್ಟಿಲ ಮೇಲೆ ಇರುವಾಗ ಮಾಸ್ತರರು ಪರದೆಯ ಹಗ್ಗ ಬಿಟ್ಟುಬಿಟ್ಟರು. ಪರದೆ ಬಂದು ಸಾಹುಕಾರರ ತಲೆಯ ಮೇಲೆಯೇ ಕೂತಿತು. ಗುಂಡಣ್ಣನವರು ಒಳ್ಳೆಯವರು, ಆದರೆ ನಲವತ್ತು ಜನರ ಹೊಟ್ಟೆ ತುಂಬಿಸುವವರು.

"ಮಲ್ಕಪ್ಪಾ, ನಿನ್ನ ಕೈಗುಣ ಭಾಳ ಛಲೋ ಅದ, ನಾ ಇಲ್ಲ ಅನ್ನಂಗಿಲ್ಲ" ಎಂದರು ಅವರು. "ಆದ್ರ ನಡುವ ನಿಲ್ಲದಂಥ ನಾಟಕ ಬೇಕಂದ್ರ ಯಾವುದರ ಹೊಲದಾಗ ಹೋಗಿ ಆಡಸು. ಗುಬ್ಬಿ ಬಂದು ನೋಡತಾವ. ಗುಬ್ಬಿ ಯಾರೂ ಆಯೇರಿ ಮಾಡಂಗಿಲ್ಲ."

ಅಲ್ಲಿಗೆ ನೌಕರಿ ಹೋಯಿತು, ಮುಂದೆ ಆ ಮಾತೂ ಖರೆಯಾಯಿತು. ಭಾದ್ರಪದದಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳಿಕೆ ನಾಲ್ಕೈದು ದಿನದಲ್ಲಿ ಮುಗಿಯಿತು, ಊರೂರಿಗೆ ಹಿಂದೂ-ಮುಸಲ್ಮಾನರ ಗದ್ದಲ ಹಬ್ಬಿ ಕಂಪನಿಗಳು ತಂಬು ಕಿತ್ತವು. ಮಾಸ್ತರರು ಹೆಂಡತಿ ಪುತಳಾಬಾಯಿಯ ತವರು ಕಮಲಾಪುರಕ್ಕೆ ಬಂದು, ಮಾವನ ಬಾಳೆತೋಟಕ್ಕೆ ನೀರು ಬಿಡುತ್ತ ಇದ್ದರು. ಐವತ್ತೆರಡು ವರ್ಷದ ಮನುಷ್ಯ ಮಡಿಗಳಿಗೆ ನೀರು ತಿರುವುತ್ತ ಬಾಳೆಗಿಡಗಳಿಗೆ ರಾಜನ ಮಾತು ಹೇಳುವುದನ್ನು ಕಂಡು ಪುತಳಾಬಾಯಿ, "ನೀರರ ನೋಡಿ ಬಿಡ್ರಿ, ಆ ಸಾಲು ರಾಜ್ಯ ಗೆದ್ದು ಮೂರು ದಿನ ಆಯ್ತು, ಇನ್ನಾ ಒಣಗೇ ಅದ" ಎಂದು ಕಾಡಿಸುತ್ತಿದ್ದಳು. ಕಾಡಿಸಿದರೂ ಗಂಡನ ಸಂಕಟ ಅವಳಿಗೆ ತಿಳಿಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಊರ ಹುಡುಗರನ್ನು ಮನೆಗೆ ಕರೆದು ಚಹಾ ಕೊಟ್ಟು, ಮಾಸ್ತರರ ಕೈಯಲ್ಲಿ ಒಂದು ನಾಟಕ ಕಲಿಯಿರೆಂದು ಹೇಳಿದವಳು ಅವಳೇ.

ಹುಡುಗರು ಕುಣಿದಾಡಿದರು. ಒಂದೇ ತೊಡಕು. ಹೊತ್ತು ಮುಳುಗಿದ ಮೇಲೆ ಜನ ಗುಂಪು ಸೇರಬಾರದೆಂಬ ಹುಕುಂ ಆಗಿನ್ನೂ ಇತ್ತು. ನಾಟಕವೆಂದರೆ ಗ್ಯಾಸಬತ್ತಿಯ ಬೆಳಕು, ಮುಖಕ್ಕೆ ಬಣ್ಣ, ರಾತ್ರಿಯೆಲ್ಲ ಜಾಗರಣೆ. ಹಗಲು ಹೊತ್ತಿನಲ್ಲಿ ಬಿಸಿಲಿಗೆ ಕೂತು ನಾಟಕ ನೋಡುವುದನ್ನು ಕಮಲಾಪುರ ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

"ಮುಂಜಾನಿ ಉಂಡು ಬರ್ರಿ, ಬುತ್ತಿ ಕಟಕೊಂಡು ಬರ್ರಿ, ಸಂಜೀಕ ಮನೀಗಿ ಹೋಗ್ರಿ. ಏನಾಗ್ತದ?" ಎಂದರು ಮಾಸ್ತರರು.

ಏನಾಗುತ್ತದೆ ಎನ್ನುವುದು ಮೊದಲನೆಯ ತಾಲೀಮಿನಲ್ಲೇ ಗೊತ್ತಾಯಿತು. ರಾಜನ ಪಾರ್ಟಿಗೆ ಬಣ್ಣ ಹಚ್ಚಿಕೊಂಡು ಬಿಸಿಲಿಗೆ ಬಂದ ಹುಡುಗ ಸೂರ್ಯಕಾಂತನನ್ನು ನೋಡಿ ಅವನ ತಾಯಿಯೇ ನಕ್ಕಳು. ರಾತ್ರಿ ಗ್ಯಾಸಬತ್ತಿಗೆ ಚಂದ್ರನ ಹಾಗೆ ಕಾಣುವ ಮುಖ ಹಗಲಿನಲ್ಲಿ ಸುಣ್ಣ ಬಳಿದ ಗೋಡೆ. ಬಣ್ಣ ತೊಳೆಸಿದರು. ಜರಿಯ ಅಂಗಿ ಮಿಂಚಿ ಕಣ್ಣಿಗೆ ಚುಚ್ಚುತ್ತಿತ್ತು, ಅದನ್ನೂ ತೆಗೆಸಿದರು. ಹಾಗೆ ಒಂದೊಂದೇ ತೆಗೆಯುತ್ತ ಹೋದಂತೆ ಮಾಸ್ತರರಿಗೆ ಒಳಗೊಳಗೇ ಖುಷಿ ಏರತೊಡಗಿತು. ರಾಜನ ನಾಟಕವನ್ನೇ ಬದಿಗಿಟ್ಟು ತಾವೇ ಹೊಸದೊಂದು ನಾಟಕ ಕಟ್ಟಿದರು. ರಾಜ, ರಾಣಿ ಯಾರೂ ಇಲ್ಲ. ದಂಡಿನವರು ಹಿಡಿದುಕೊಂಡು ಹೋದ ಒಬ್ಬ ಕುರುಬರ ಹುಡುಗ ಹನ್ನೆರಡು ವರ್ಷದ ಮೇಲೆ ಮನೆಗೆ ಬರುತ್ತಾನೆ, ತಾಯಿಗೆ ಅವನ ಗುರುತು ಸಿಗುವುದಿಲ್ಲ. ಮಾತು ಕೂಡ ಊರಿನದೇ ಮಾತು.

ಮಗನಾದವನು ಸೂರ್ಯಕಾಂತ, ಊರ ಗೌಡರಾದ ಮಹಾದೇವಪ್ಪನವರ ತಂಗಿಯ ಮಗ. ತಾಯಿಯ ಪಾರ್ಟಿಗೆ ಭೀಮಶಾ ಬಂದ. ದನಿ ಮೆತ್ತಗೆ, ಕಣ್ಣು ದೊಡ್ಡವು, ಎಲ್ಲ ಸರಿ, ಆದರೆ ಮೂಗಿನ ಕೆಳಗೆ ಗೇಣುದ್ದ ಮೀಸೆ. ರಾತ್ರಿಯ ನಾಟಕದಲ್ಲಾದರೆ ಅದರ ಮೇಲೆ ಬಣ್ಣ ಮೆತ್ತಿ ದಾಟಿಸಬಹುದಿತ್ತು.

"ಅಪ್ಪ ಇರೂತನ ಮೀಸಿ ತಗೀಬಾರದ್ರಿ ಮಾಸ್ತರ" ಎಂದ ಭೀಮಶಾ.

ಎಂಬತ್ತು ವರ್ಷದ ಅವನಪ್ಪ ಕಟ್ಟೆಯ ಮೇಲಿಂದಲೇ, "ನಾ ಇನ್ನಾ ಹತ್ತು ವರ್ಷ ಎಲ್ಲೂ ಹೋಗಂಗಿಲ್ಲ, ಬ್ಯಾರೆ ಏನರ ನೋಡ್ರಿ" ಎಂದು ಕೂಗಿದ.

ಮಾಸ್ತರರು ಎರಡು ದಿನ ಯೋಚಿಸಿ, ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿರಲೆಂದರು. ಸೆರಗು ಒತ್ತಿದರೆ ಮಾತು ಕೇಳುವುದಿಲ್ಲ. ಸರಿ, ತಾಯಿಯ ಮಾತು ಕಡಿಮೆ ಮಾಡಿದರು. ಮೂರು ಹಾಳೆ ಇದ್ದ ಅಳುವ ಭಾಷಣ ಮೂರು ಸಾಲಿಗೆ ಇಳಿಯಿತು. ಉಳಿದದ್ದನ್ನೆಲ್ಲ ಭೀಮಶಾ ಆ ದೊಡ್ಡ ಕಣ್ಣುಗಳಿಂದಲೇ ಮಾಡಬೇಕಾಯಿತು. ಮೂವತ್ತೆಂಟು ವರ್ಷ ನಾಟಕದಲ್ಲಿ ಕಳೆದ ಮಾಸ್ತರರಿಗೆ ಒಬ್ಬನ ಮೀಸೆಯಿಂದ ಇಷ್ಟು ಕಲಿಯುವುದಿತ್ತೆಂದು ನಗು ಬಂತು.

ಉಳಿದದ್ದು ಆಯೇರಿಯ ತಕರಾರು. ನಾಟಕ ನಡೆಯುವುದು ಗೌಡರ ಕಣದಲ್ಲಿ. ಮಹಾದೇವಪ್ಪಗೌಡರು ಅಳಿಯನಿಗೆಂದು ಕಲಬುರಗಿಯಿಂದ ತಲೆಗೆ ಸುತ್ತುವ ರೇಷ್ಮೆ ರುಮಾಲು ತರಿಸಿದ್ದರು.

"ಕಣ ನಂದು, ಅಳಿಯ ನನ್ನವ, ರುಮಾಲನೂ ನಂದೇ. ನಡುವ ಬ್ಯಾಡ ಅಂದ್ರ ಹ್ಯಾಂಗ್ರಿ ಮಾಸ್ತರ?"

"ರುಮಾಲ ನಿಮ್ದೇ ಗೌಡ್ರ. ಆದ್ರ ಆ ಹೊತ್ತಿನಾಗ ಅಂವ ನಿಮ್ಮ ಅಳಿಯ ಇರಂಗಿಲ್ಲ."

"ಮತ್ಯಾರು ಇರತಾನ?"

"ಹನ್ನೆರಡು ವರ್ಷ ಮನಿ ಬಿಟ್ಟ ಕುರುಬರ ಹುಡುಗ ಇರತಾನ. ಅವಂಗ ನಿಮ್ಮ ಗುರುತೇ ಇಲ್ಲ."

ಗೌಡರು ಈ ಮಾತಿಗೆ ಬಹಳ ಹೊತ್ತು ತಲೆ ಕೆರೆದುಕೊಂಡರು. ಕೊನೆಗೆ ಮುಗಿದ ಮೇಲೆ ಕಟ್ಟುವುದಕ್ಕೆ ಒಪ್ಪಿದರು, ಆದರೆ ಒಪ್ಪಿದ ದನಿಯಲ್ಲಿ ಬಲ ಇರಲಿಲ್ಲ. ಗೌಡರು ಎದ್ದೇ ಏಳುತ್ತಾರೆಂದು ಊರೆಲ್ಲ ಮಾತಾಡಿಕೊಂಡಿತು. ಮಾಸ್ತರರು ಪಾತ್ರಧಾರಿಗಳನ್ನು ಕೂಡಿಸಿ ಒಂದೇ ಮಾತನ್ನು ದಿನಾಲೂ ಹೇಳಿದರು: "ಆಕಾಶನೇ ಹರಕೊಂಡು ಬೀಳಲಿ, ನೀವು ಪಾರ್ಟು ಬಿಟ್ಟು ಹೊರಗ ಬರಬ್ಯಾಡ್ರಿ. ಯಾರರ ಮ್ಯಾಲ ಬಂದ್ರ ಕೈ ಮುಗೀಬ್ಯಾಡ್ರಿ, ನಗಬ್ಯಾಡ್ರಿ. ನೀವು ಯಾರಾಗೀರೋ ಅವರೇ ಆಗಿರ್ರಿ."

ನಾಟಕದ ದಿನ ಹೊತ್ತು ಮಾರುದ್ದ ಏರುವುದರೊಳಗೆ ಕಣ ತುಂಬಿತು. ಅಕ್ಕಪಕ್ಕದ ಹಳ್ಳಿಯವರೂ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಉಳಿದ ಕಾಳು ಹೆಕ್ಕಲು ಬಂದ ಗುಬ್ಬಿಗಳೂ ಇದ್ದವು. ಪುತಳಾಬಾಯಿ ಬಳೆಗಾರ್ತಿ ಚಾಂದಬಿಯ ಕೈ ಹಿಡಿದು ಕರೆದುಕೊಂಡು ಬಂದು ಹೆಂಗಸರ ಮುಂದಿನ ಸಾಲಿನಲ್ಲಿ ಕೂಡಿಸಿಕೊಂಡಳು. ಊರಿನ ಒಂದೊಂದು ಕೈಯ ಅಳತೆಯೂ ಚಾಂದಬಿಗೆ ಗೊತ್ತು. ಅವಳ ಒಬ್ಬನೇ ಮಗ ಖಾಜಾ ಹುರಿಯಲ್ಲಿ ಪೋಣಿಸಿದ ಬಳೆಯ ಮಲಾರ ತರಲೆಂದು ಹೈದರಾಬಾದಿನ ದಾರಿ ಹಿಡಿದದ್ದು ಗದ್ದಲದ ಅದೇ ಭಾದ್ರಪದದಲ್ಲಿ. ಹೋದವನು ಬರಲಿಲ್ಲ. ಅವನ ಸುದ್ದಿಯೂ ಬರಲಿಲ್ಲ. ಆರು ತಿಂಗಳಿನಿಂದ ಅವಳು ಬಳೆ ಮಾರಲು ಹೊರಬಿದ್ದಿರಲಿಲ್ಲ. ಅವಳನ್ನು ಕಂಡು ಕೆಲವರು ಮುಖ ತಿರುಗಿಸಿದರು, ಕೆಲವರು ತಲೆ ತಗ್ಗಿಸಿದರು.

ನಾಟಕ ಸುರುವಾಯಿತು. ಮಾಸ್ತರರು ಹಲಗೆಯ ರಂಗದ ಬದಿಯಲ್ಲಿ, ಪರದೆಯ ಹಗ್ಗ ಕೈಗೆಟಕುವಲ್ಲಿ, ಪೇಟಿ ಇಟ್ಟುಕೊಂಡು ಕೂತಿದ್ದರು. ಅವರಿಗೆ ಆ ದಿನ ಒಂದು ಹೊಸ ಸಂಗತಿ ಕಂಡಿತು. ಥೇಟರಿನಲ್ಲಿ ಜನ ಎಂದರೆ ಕತ್ತಲೆಯಲ್ಲಿ ಕೆಮ್ಮುವ ಸಪ್ಪಳ, ಬೀಡಿಯ ಕೆಂಡ. ಇಲ್ಲಿ ಬಿಸಿಲಿನಲ್ಲಿ ಒಬ್ಬೊಬ್ಬರ ಮುಖ ಬೇರೆ ಬೇರೆಯಾಗಿ ಕಾಣುತ್ತಿತ್ತು. ದಂಡಿನವರು ಹುಡುಗನನ್ನು ಎಳೆದುಕೊಂಡು ಹೋದಾಗ ಯಾರ ತುಟಿ ನಡುಗಿತು, ಯಾರು ಮಗುವನ್ನು ಎದೆಗೆ ಒತ್ತಿಕೊಂಡರು, ಎಲ್ಲ ಕಂಡಿತು. ಒಂದು ಅಂಕ ಮುಗಿಯಿತು, ಎಲ್ಲೂ ನಿಲ್ಲಲಿಲ್ಲ. ಎರಡನೆಯದೂ ದಾಟಿತು. ಗೌಡರ ಕೈ ಎರಡು ಸಲ ರುಮಾಲಿನ ಚೀಲದೊಳಗೆ ಹೋಗಿ ಬಂತು. ಎರಡು ಸಲವೂ ಮಾಸ್ತರರ ಬೆರಳು ಪೇಟಿಯ ಮೇಲೆ ತಪ್ಪಿತು.

ಕೊನೆಯ ಸೀನು ಬಂತು. ಗಡ್ಡ ಬೆಳೆದ ಮಗ ತನ್ನ ಮನೆಯ ಬಾಗಿಲಿಗೇ ಬಂದು ನಿಂತಿದ್ದಾನೆ. ಒಲೆಯ ಮುಂದೆ ಕೂತ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನು ನೋಡುತ್ತಾಳೆ, ಗುರುತು ಹತ್ತುವುದಿಲ್ಲ. ಸೂರ್ಯಕಾಂತ ಹೆಚ್ಚು ದನಿ ತೆಗೆಯದೆ ಹೇಳಿದ:

"ಎವ್ವಾ, ಹಸಿವಾಗ್ಯಾದ. ಒಂದು ರೊಟ್ಟಿ ಸಿಕ್ಕೀತೇನು?"

ತಾಯಿ ಎದ್ದು ಒಳಗೆ ಹೋಗಿ ಬರಿದಾದ ರೊಟ್ಟಿಬುಟ್ಟಿ ತಂದು ತೋರಿಸಬೇಕು, ಆ ಬುಟ್ಟಿಯನ್ನು ಕಂಡು ಮಗ ಅಳಬೇಕು, ಅಳುವ ದನಿಯಿಂದ ತಾಯಿಗೆ ಗುರುತು ಸಿಗಬೇಕು. ಮಾಸ್ತರರು ಕಟ್ಟಿದ್ದು ಹಾಗೆ. ಭೀಮಶಾ ಇನ್ನೂ ಎದ್ದಿರಲಿಲ್ಲ. ಜನರ ನಡುವೆ ಯಾರೋ ಎದ್ದರು. ಮಾಸ್ತರರು ಗೌಡರೇ ಇರಬೇಕೆಂದು ಆ ಕಡೆ ನೋಡಿದರು. ಗೌಡರು ಕೂತಲ್ಲೇ ಕೂತಿದ್ದರು.

ಎದ್ದವಳು ಚಾಂದಬಿ. ತನ್ನ ಬುತ್ತಿಯ ಗಂಟು ಹಿಡಿದುಕೊಂಡು ಹಲಗೆಯ ಮೆಟ್ಟಿಲು ಹತ್ತಿದಳು. ಜನ ಗುಸುಗುಸು ಎಂದರು. ಹಿಂದಿನಿಂದ ಯಾರೋ, "ಏ, ಇಳೀ ಕೆಳಗ!" ಎಂದು ಕೂಗಿದರು. ಮಾಸ್ತರರ ಕೈ ತಾನಾಗಿಯೇ ಪರದೆಯ ಹಗ್ಗಕ್ಕೆ ಹೋಯಿತು. ಬಿಟ್ಟರೆ ಪರದೆ ಬೀಳುತ್ತದೆ, ನಾಟಕ ಅಲ್ಲಿಗೆ ನಿಲ್ಲುತ್ತದೆ. ಬಿಡದಿದ್ದರೂ ನಿಂತಂತೆಯೇ. ಇಷ್ಟು ವರ್ಷದ ಆಸೆ ಇನ್ನು ಕಾಲು ತಾಸಿನಲ್ಲಿ ಕೈಗೂಡುವುದಿತ್ತು. ಅವರಿಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಅವಳ ಮುಖ ಕಂಡಿತು. ಆ ಮುಖದಲ್ಲಿ ಹೆಸರು ಕೂಗಿಸಿಕೊಳ್ಳುವ ಆಸೆಯ ಸುಳಿವೂ ಇರಲಿಲ್ಲ. ಮಾಸ್ತರರು ಹಗ್ಗದಿಂದ ಕೈ ತೆಗೆದರು.

ಚಾಂದಬಿ ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದಳು, ಮೇಲೆ ಒಂದಿಷ್ಟು ಪುಂಡಿಪಲ್ಯ ಇಟ್ಟು ಸೂರ್ಯಕಾಂತನ ಕೈಗೆ ಕೊಟ್ಟಳು. "ತಿನ್ನಪಾ" ಎಂದಳು, ಅಷ್ಟೇ.

ಸೂರ್ಯಕಾಂತ ಕೈ ಮುಗಿಯಲಿಲ್ಲ. ನಗಲಿಲ್ಲ. ಮಾಸ್ತರರ ಕಡೆ ತಿರುಗಿ ನೋಡಲೂ ಇಲ್ಲ. ಕುರುಬರ ಹುಡುಗನಾಗಿಯೇ ನೆಲಕ್ಕೆ ಕೂತು ರೊಟ್ಟಿ ಮುರಿದು ಬಾಯಿಗೆ ಇಟ್ಟ. ಮಡಿಲಿಗೆ ಬಿದ್ದ ಚೂರನ್ನೂ ಅವನು ಹೆಕ್ಕಿ ತಿಂದದ್ದು ಹಗಲಿನ ಬೆಳಕಿಗೆ ಎಲ್ಲರಿಗೂ ಕಂಡಿತು. ಭೀಮಶಾ ಎದ್ದು, ಚರಿಗೆಯಲ್ಲಿ ನೀರು ತಂದು ಮಗನ ಮುಂದೆ ಇಟ್ಟ. ಇನ್ನೊಂದು ಕೈಯಿಂದ ಚಾಂದಬಿಯ ಕೈ ಹಿಡಿದು, ಒಲೆಯ ಮುಂದೆ ತನ್ನ ಪಕ್ಕದಲ್ಲಿ ಕೂಡಿಸಿಕೊಂಡ. ಹಾಗೆ ಕೂಡಿಸುವಾಗ ಸೆರಗು ಜಾರಿ ಮೀಸೆ ಪೂರ್ತಿ ಕಂಡಿತು, ಒಬ್ಬರೂ ನಗಲಿಲ್ಲ. ಹಿಂದಿನಿಂದ ಮತ್ತೆ ಯಾರೋ ಬಾಯಿ ತೆಗೆದಾಗ ಗೌಡರು ಹೊರಳಿ, "ಸುಮ್ಮ ಕುಂದರ್ರಿ, ಹುಡುಗ ಉಣ್ಣಾಕತ್ಯಾನ" ಎಂದು ಗದರಿದರು.

ಊರಿಗೆ ಊರೇ ಒಬ್ಬನು ರೊಟ್ಟಿ ತಿನ್ನುವುದನ್ನು ನೋಡುತ್ತ ಕೂತಿತು. ತಿಂದು ಮುಗಿಸಿ, ನೀರು ಕುಡಿದು, ಸೂರ್ಯಕಾಂತ ಕೊನೆಯ ಮಾತು ಆಡಿದ. ಭೀಮಶಾ ಅವನ ಗಲ್ಲ ಹಿಡಿದು ಗುರುತು ಹಚ್ಚಿದ. ನಾಟಕ ಮುಗಿಯಿತು. ಜನ ಚಪ್ಪಾಳೆ ಹೊಡೆದರು. ಆಮೇಲೆ ಗೌಡರು ಮೇಲೆ ಬಂದು, ತಮ್ಮ ಹೆಸರನ್ನು ತಾವೇ ಕೂಗಿಕೊಂಡು, ಅಳಿಯನಿಗೆ ರುಮಾಲು ಕಟ್ಟಿದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಜನ ಚದುರುವಾಗ ಪುತಳಾಬಾಯಿಯ ಸಂಗಡ ಚಾಂದಬಿ ಮಾಸ್ತರರ ಹತ್ತಿರ ಬಂದಳು.

"ಮಾಫ್ ಮಾಡ್ರಿ ಮಾಸ್ತರ. ನಿಮ್ಮ ನಾಟಕ ಕೆಡಿಸಿದೆ ಅಂತ ಅಂದರು."

"ಯಾರಂದ್ರು?"

"ನಾಟಕ ಅಂತ ನಂಗ ಗೊತ್ತಿತ್ತು. ಅಂವ ಗೌಡ್ರ ಅಳಿಯ ಅನ್ನೂದೂ ಗೊತ್ತಿತ್ತು. ನಮ್ಮ ಖಾಜಾ ಅಲ್ಲ ಅನ್ನೂದೂ ಗೊತ್ತಿತ್ತು. ನನಗೇನು ತಲಿ ಕೆಟ್ಟಿಲ್ಲರಿ" ಎಂದಳು ಚಾಂದಬಿ. "ಆದ್ರ ಹಸಿವಾಗ್ಯಾದ ಅಂದ. ಕೈಯಾಗ ರೊಟ್ಟಿ ಇಟಗೊಂಡು ಹ್ಯಾಂಗ ಸುಮ್ಮ ಕೂಡ್ಲಿ? ನಮ್ಮ ಹುಡುಗನೂ ಎಲ್ಲೋ ಯಾರ ಬಾಗಿಲದಾಗೋ ಹಂಗೇ ಅಂದಿರಬೇಕು. ಅಲ್ಲಿ ಯಾರರ ಎದ್ದಿರಬೇಕು."

ಮಾಸ್ತರರು ಪೇಟಿ ಬದಿಗಿಟ್ಟು ಎದ್ದರು. ಅವಳ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡರು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದರೆಂದು ಪುತಳಾಬಾಯಿ ಆಮೇಲೆ ಎಲ್ಲರಿಗೂ ಹೇಳಿದಳು, ಗೊರಕೆಯ ವರ್ಣನೆಯನ್ನೂ ಸೇರಿಸಿ.

ಎಂಟು ದಿನಕ್ಕೆ ಮಹಾಗಾಂವದವರು ಬಂಡಿ ಕಟ್ಟಿಕೊಂಡು ಬಂದರು, ನಾಟಕ ತಮ್ಮೂರಿನಲ್ಲೂ ಆಗಬೇಕೆಂದು. ಹೊರಡುವ ಮುಂಜಾನೆ ಸೂರ್ಯಕಾಂತ ತಾಟಿನ ಮುಂದೆ ಕೂತಿದ್ದ. ಮಾಸ್ತರರು ಬಂದು ತಾಟು ಸರಿಸಿದರು.

"ಇವತ್ತಿನಿಂದ ನಾಟಕದ ದಿನ ನೀ ಉಣಬ್ಯಾಡ."

"ಯಾಕ್ರಿ?"

"ಹಸಿವಾಗ್ಯಾದ ಅಂತಿ. ಖರೇನೇ ಆಗಿರಲಿ. ಆ ಮಾತು ಆಡಿದ ಮ್ಯಾಲ ಸುಮ್ಮ ನಿಂದರು. ಭೀಮಶಾನೂ ಏಳಂಗಿಲ್ಲ, ನಾನೂ ಪೇಟಿ ಬಾರಸಂಗಿಲ್ಲ."

"ನಾಟಕ ನಿಲ್ತದಲ್ರಿ ಮಾಸ್ತರ! ಎಷ್ಟೊತ್ತು ನಿಂದರಬೇಕು?"

"ಕೆಳಗ ಯಾರರ ಏಳತಾರೇನು ನೋಡೂತನ."

"ಯಾರೂ ಏಳದಿದ್ರ?"

"ಹಸಗೊಂಡೇ ಮುಂದಿನ ಮಾತು ಆಡು."

ಮಹಾಗಾಂವದ ಕಣದಲ್ಲಿ ಸೂರ್ಯಕಾಂತ ಆ ಮಾತು ಆಡಿ ಸುಮ್ಮನೆ ನಿಂತ. ಮಲ್ಕಪ್ಪ ಮಾಸ್ತರರು ಪೇಟಿಯ ಮೇಲಿಂದ ಕೈ ತೆಗೆದು ಜನರ ಕಡೆ ತಿರುಗಿ ಕೂತು, ಬಿಸಿಲಿನಲ್ಲಿ ಒಂದೊಂದೇ ಮುಖವನ್ನು ನೋಡುತ್ತ ಕಾದರು.